ಚೂರಿ ಡೆಕ್ ಕಟ್ಟಿ ಹನ್ನೊಂದು ಸಲ ಸೋತೆ, ಎಲ್ಲಿ ತಪ್ಪುತ್ತಿದ್ದೇನೆ?

ತುಮಕೂರು ಪ್ಯಾಸೆಂಜರ್:

ಎಲ್ಲರಿಗೂ ನಮಸ್ಕಾರ. ಸ್ಲೇ ದ ಸ್ಪೈರ್ (ಡೆಕ್, ಅಂದರೆ ಕಾರ್ಡ್ ಕಟ್ಟು ಕಟ್ಟಿಕೊಂಡು ಶತ್ರುಗಳ ಜೊತೆ ಕಾದಾಡುತ್ತಾ ಗೋಪುರ ಹತ್ತುವ ಆಟ) ಆಡುವವರು ಇಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಾನು ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತೇನೆ. ಸೀಟು ಸಿಕ್ಕಿದ ದಿನ ಫೋನಿನಲ್ಲಿ ಇದೇ ಆಟ. ನೆಟ್ ಬೇಡ. ಎದುರಿಗೆ ಕಾಯುವವರು ಯಾರೂ ಇಲ್ಲ. ಬೆಳಗ್ಗೆ ಶುರು ಮಾಡಿದ ರನ್ (ಗೋಪುರ ಹತ್ತುವ ಒಂದು ಪ್ರಯತ್ನ) ಸಂಜೆ ವಾಪಸ್ ಬರುವಾಗ ಮುಗಿಯುತ್ತದೆ.

ನಾಲ್ಕು ಪಾತ್ರಗಳಲ್ಲಿ ನನಗೆ ಇಷ್ಟವಾದದ್ದು ಸೈಲೆಂಟ್ ಅನ್ನುವ ಬೇಟೆಗಾರ್ತಿ. ಅವಳ ಶಿವ್ ಕಾರ್ಡ್‌ಗಳೇ ಕಾರಣ. ಶಿವ್ ಅಂದರೆ ಚೂರಿ ತಾನೆ, ಹಾಗಾಗಿ ಚೂರಿ ಅಂತಲೇ ಬರೆಯುತ್ತೇನೆ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಚೂರಿ ನಿಮ್ಮ ಡೆಕ್‌ನಲ್ಲಿ ಇರುವ ಕಾರ್ಡ್ ಅಲ್ಲ, ಕಾಳಗದ ನಡುವೆ ಹುಟ್ಟುವ ಟೋಕನ್. ಬ್ಲೇಡ್ ಡ್ಯಾನ್ಸ್ ಅನ್ನುವ ಕಾರ್ಡ್ ಇಳಿಸಿದರೆ ಕೈಗೆ ಮೂರು ಚೂರಿ ಬರುತ್ತವೆ. ಒಂದೊಂದಕ್ಕೂ ಎನರ್ಜಿ (ಕಾರ್ಡ್ ಇಳಿಸಲು ಕೊಡುವ ಬೆಲೆ) ಸೊನ್ನೆ, ಡ್ಯಾಮೇಜ್ 4. ಎಸೆದ ಮೇಲೆ ಮುಗಿಯಿತು, ಆ ಕಾಳಗದಲ್ಲಿ ಮತ್ತೆ ಬರುವುದಿಲ್ಲ. ಟಪ್ ಟಪ್ ಟಪ್ ಅಂತ ಒಂದರ ಹಿಂದೆ ಒಂದು ಎಸೆಯುವಾಗ ಸಿಗುವ ಖುಷಿ ಬೇರೆ ಯಾವ ಡೆಕ್‌ನಲ್ಲೂ ನನಗೆ ಸಿಕ್ಕಿಲ್ಲ.

ಆದರೆ ಅಸೆನ್ಶನ್ 5ರಲ್ಲಿ, ಅಂದರೆ ಐದನೇ ಕಷ್ಟದ ಮಟ್ಟದಲ್ಲಿ, ಹನ್ನೊಂದು ಸಲ ಸತತವಾಗಿ ಸೋತಿದ್ದೇನೆ. ವಿಷದ ಡೆಕ್ ಕಟ್ಟಿದಾಗ ಗೆಲ್ಲುತ್ತೇನೆ. ಚೂರಿಯಲ್ಲೇ ಗೆಲ್ಲಬೇಕು ಅಂತ ಆಸೆ.

ನಿನ್ನೆಯ ರನ್ ಹೇಳುತ್ತೇನೆ. ಮೂರನೇ ಆಕ್ಟ್‌ನ, ಅಂದರೆ ಗೋಪುರದ ಮೂರನೇ ಭಾಗದ, ಕೊನೆಯ ದೊಡ್ಡ ಶತ್ರು (ಬಾಸ್) ಟೈಮ್ ಈಟರ್ ಮುಂದೆ ಸತ್ತೆ. ಅದಕ್ಕೆ ಇನ್ನೂ 190 ಎಚ್‌ಪಿ (ಜೀವದ ಅಂಕ) ಉಳಿದಿತ್ತು. ಡೆಕ್‌ನಲ್ಲಿ ಇದ್ದದ್ದು 27 ಕಾರ್ಡ್. ಸ್ಟ್ರೈಕ್ ನಾಲ್ಕು, ಡಿಫೆಂಡ್ ಐದು, ಸರ್ವೈವರ್, ನ್ಯೂಟ್ರಲೈಜ್. ಆಮೇಲೆ ಬ್ಲೇಡ್ ಡ್ಯಾನ್ಸ್ ನಾಲ್ಕು (ಎರಡು ಅಪ್‌ಗ್ರೇಡ್ ಆಗಿದ್ದವು), ಕ್ಲೋಕ್ ಅಂಡ್ ಡ್ಯಾಗರ್ ಎರಡು, ಇನ್ಫಿನಿಟ್ ಬ್ಲೇಡ್ಸ್ ಎರಡು, ಸ್ಟಾರ್ಮ್ ಆಫ್ ಸ್ಟೀಲ್ ಒಂದು, ಆ್ಯಕ್ಯುರಸಿ ಒಂದು, ಫಿನಿಶರ್ ಒಂದು. ಉಳಿದಂತೆ ಸ್ಲೈಸ್, ಡ್ಯಾಗರ್ ಸ್ಪ್ರೇ, ಕ್ವಿಕ್ ಸ್ಲ್ಯಾಷ್, ಬ್ಯಾಕ್‌ಫ್ಲಿಪ್, ಟೆರರ್ ಒಂದೊಂದು. ರಿಲಿಕ್‌ಗಳಲ್ಲಿ (ರನ್ ಪೂರ್ತಿ ಜೊತೆಗಿದ್ದು ಸಹಾಯ ಮಾಡುವ ವಸ್ತುಗಳು) ನುಂಚಾಕು ಇತ್ತು. ಮೊದಲ ಬಾಸ್ ಮುಗಿದಾಗ ವೆಲ್ವೆಟ್ ಚೋಕರ್ ತೆಗೆದುಕೊಂಡೆ, ಪ್ರತಿ ಸುತ್ತಿಗೆ ಒಂದು ಎನರ್ಜಿ ಜಾಸ್ತಿ ಸಿಗುತ್ತದೆ ಅಂತ.

ಚೂರಿ ಕೊಡುವ ಕಾರ್ಡ್ ಕಂಡಲ್ಲೆಲ್ಲಾ ತೆಗೆದುಕೊಂಡೆ. ಒಂಬತ್ತು ಕಾರ್ಡ್ ಚೂರಿ ಕೊಡುತ್ತಿದ್ದವು. ಆದರೂ ಯಾಕೆ ಸಾಲಲಿಲ್ಲ?

ನೀಲಿ ನೋಟ್‌ಬುಕ್:

ನಮಸ್ಕಾರ. ನಿಮ್ಮ ಡೆಕ್ ಪಟ್ಟಿ ಓದುತ್ತಿದ್ದ ಹಾಗೆ ನನ್ನ ನೋಟ್‌ಬುಕ್ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಆಟ 2019ರ ಜನವರಿಯಲ್ಲಿ ಪೂರ್ತಿ ಬಿಡುಗಡೆಯಾದ ಮೇಲೆ ನಾನು ಆಡಲು ಶುರು ಮಾಡಿದ್ದು, ಮೊದಲು ಮನೆಯ ಹಳೆ ಲ್ಯಾಪ್‌ಟಾಪ್‌ನಲ್ಲಿ, ಈಗ ಫೋನಿನಲ್ಲಿ. ಸೋತ ಪ್ರತಿ ರನ್‌ಗೂ ಒಂದು ಸಾಲು ಬರೆದಿಡುವುದು ನನ್ನ ಅಭ್ಯಾಸ. ಯಾರು ಕೊಂದರು, ಕೈಯಲ್ಲಿ ಏನಿತ್ತು, ಯಾವ ಕಾರ್ಡ್ ಇದ್ದಿದ್ದರೆ ಬದುಕುತ್ತಿದ್ದೆ. ಚೂರಿ ಡೆಕ್‌ಗೇ ಆರು ಪುಟ ಹೋಗಿದೆ.

ಮೊದಲು ಚೋಕರ್ ವಿಷಯ. ಅದು ಒಂದು ಎನರ್ಜಿ ಕೊಡುತ್ತದೆ, ನಿಜ. ಬದಲಿಗೆ ಒಂದು ಸುತ್ತಿನಲ್ಲಿ ಆರಕ್ಕಿಂತ ಜಾಸ್ತಿ ಕಾರ್ಡ್ ಇಳಿಸಲು ಬಿಡುವುದಿಲ್ಲ. ನೀವೇ ಲೆಕ್ಕ ಹಾಕಿ. ಬ್ಲೇಡ್ ಡ್ಯಾನ್ಸ್ ಒಂದು, ಅದರ ಚೂರಿ ಮೂರು, ಅಲ್ಲಿಗೇ ನಾಲ್ಕು ಕಾರ್ಡ್ ಆಯಿತು. ಖರ್ಚಾದ ಎನರ್ಜಿ ಒಂದೇ. ಇನ್ನೂ ಮೂರು ಎನರ್ಜಿ ಉಳಿದಿದೆ, ಇಳಿಸಬಹುದಾದದ್ದು ಎರಡೇ ಕಾರ್ಡ್. ಚೂರಿ ಡೆಕ್‌ಗೆ ಎನರ್ಜಿಯ ಬರ ಯಾವತ್ತೂ ಇರುವುದಿಲ್ಲ. ಚೂರಿ ಪುಕ್ಕಟೆ ಕಾರ್ಡ್, ಅದಕ್ಕೇ ಅಲ್ವಾ ಅದನ್ನು ಇಷ್ಟಪಡುವುದು? ಚೋಕರ್ ಹಾಕಿಕೊಂಡ ಕ್ಷಣ ಆ ಪುಕ್ಕಟೆ ಕಾರ್ಡ್‌ಗೂ ಬೆಲೆ ಕಟ್ಟಿದ ಹಾಗಾಯಿತು. ಇದೊಂದು ಬಿಟ್ಟಿದ್ದರೂ ನಿನ್ನೆಯ ರನ್ ಬೇರೆ ಥರ ಇರುತ್ತಿತ್ತು.

ಈಗ ಮುಖ್ಯ ವಿಷಯ. ಒಂಬತ್ತು ಕಾರ್ಡ್ ಚೂರಿ ಕೊಡುತ್ತಿದ್ದವು ಅಂತ ಬರೆದಿದ್ದೀರಿ. ಸರಿ, ಆ ಚೂರಿಗೆ ಬೆಲೆ ಕೊಡುವ ಕಾರ್ಡ್ ಎಷ್ಟಿತ್ತು? ಒಂದು ಆ್ಯಕ್ಯುರಸಿ. ಅದೂ ಅಪ್‌ಗ್ರೇಡ್ ಆಗಿರಲಿಲ್ಲ. 27 ಕಾರ್ಡ್‌ನಲ್ಲಿ ಅದು ಕೈಗೆ ಬರುವಷ್ಟರಲ್ಲಿ ಅರ್ಧ ಕಾಳಗ ಮುಗಿದಿರುತ್ತದೆ.

ಬರೀ ಚೂರಿ ಅಂದರೆ 4 ಡ್ಯಾಮೇಜ್. ಒಂದು ಬ್ಲೇಡ್ ಡ್ಯಾನ್ಸ್‌ಗೆ 12. ಮೊದಲ ಆಕ್ಟ್‌ಗೆ ಅದು ಚೆನ್ನಾಗಿಯೇ ಇದೆ. ಮೂರನೇ ಆಕ್ಟ್‌ಗೆ ಏನೂ ಅಲ್ಲ. ಟೈಮ್ ಈಟರ್‌ಗೆ ನಿಮ್ಮ ಅಸೆನ್ಶನ್‌ನಲ್ಲಿ 456 ಎಚ್‌ಪಿ. ಒಂದು ಆ್ಯಕ್ಯುರಸಿ ಮೇಜಿನ ಮೇಲಿದ್ದರೆ ಚೂರಿ 8 ಆಗುತ್ತದೆ, ಬ್ಲೇಡ್ ಡ್ಯಾನ್ಸ್ 24. ಅಪ್‌ಗ್ರೇಡ್ ಆದ ಆ್ಯಕ್ಯುರಸಿಯಾದರೆ ಚೂರಿ 10. ಎರಡು ಆ್ಯಕ್ಯುರಸಿ ಅಪ್‌ಗ್ರೇಡ್ ಆಗಿದ್ದರೆ ಚೂರಿ 16, ಅಂದರೆ ಒಂದು ಎನರ್ಜಿಗೆ 48. ಐದನೇ ಬ್ಲೇಡ್ ಡ್ಯಾನ್ಸ್ ಸೇರಿಸುವುದಕ್ಕೂ ಎರಡನೇ ಆ್ಯಕ್ಯುರಸಿ ಸೇರಿಸುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಕ್ಯಾಂಪ್‌ಫೈರ್ ಹತ್ತಿರ ಕೂತಾಗ ನಾನು ಮೊದಲು ಆ್ಯಕ್ಯುರಸಿಯನ್ನೇ ಅಪ್‌ಗ್ರೇಡ್ ಮಾಡುತ್ತೇನೆ, ಬ್ಲೇಡ್ ಡ್ಯಾನ್ಸ್ ಆಮೇಲೆ.

ನಾನು ಇದನ್ನು ಹೀಗೆ ನೋಡುತ್ತೇನೆ. ಚೂರಿ ಅನ್ನುವುದು ಡ್ಯಾಮೇಜ್‌ಗಿಂತ ಹೆಚ್ಚಾಗಿ ಒಂದು ಎಣಿಕೆ. ಒಂದು ಸುತ್ತಿನಲ್ಲಿ ಬೇರೆಯವರು ಮೂರು ಕಾರ್ಡ್ ಇಳಿಸಿದರೆ ನಾವು ಹನ್ನೆರಡು ಇಳಿಸುತ್ತೇವೆ. ಹಾಗಾದರೆ "ಪ್ರತಿ ಕಾರ್ಡ್‌ಗೂ", "ಪ್ರತಿ ಅಟ್ಯಾಕ್‌ಗೂ" ಅಂತ ಬರೆದಿರುವ ಯಾವುದೇ ಕಾರ್ಡ್, ಯಾವುದೇ ರಿಲಿಕ್ ನಮಗೆ ನಾಲ್ಕು ಪಟ್ಟು ಕೆಲಸ ಮಾಡುತ್ತದೆ. ಶುರಿಕೆನ್ ರಿಲಿಕ್ ಇದ್ದರೆ ಒಂದು ಸುತ್ತಿನಲ್ಲಿ ಪ್ರತಿ ಮೂರು ಅಟ್ಯಾಕ್‌ಗೆ ಒಂದು ಸ್ಟ್ರೆಂತ್. ಒಂಬತ್ತು ಚೂರಿ ಎಸೆದರೆ ಮೊದಲ ಮೂರು 4ರಂತೆ, ಮುಂದಿನ ಮೂರು 5ರಂತೆ, ಕೊನೆಯ ಮೂರು 6ರಂತೆ, ಒಟ್ಟು 45. ಆ ಸ್ಟ್ರೆಂತ್ ಕಾಳಗ ಮುಗಿಯುವವರೆಗೂ ಉಳಿಯುತ್ತದೆ. ಕುನಾಯ್ ಇದೇ ಲೆಕ್ಕದಲ್ಲಿ ಡೆಕ್ಸ್‌ಟೆರಿಟಿ ಕೊಡುತ್ತದೆ, ಅಂದರೆ ಬ್ಲಾಕ್ (ಏಟು ತಡೆಯುವ ರಕ್ಷಣೆ) ಕೊಡುವ ಕಾರ್ಡ್‌ಗಳಿಂದ ಇನ್ನೂ ಜಾಸ್ತಿ ಬ್ಲಾಕ್. ಆರ್ನಮೆಂಟಲ್ ಫ್ಯಾನ್ ಪ್ರತಿ ಮೂರು ಅಟ್ಯಾಕ್‌ಗೆ 4 ಬ್ಲಾಕ್. ನಿಮ್ಮ ಹತ್ತಿರ ಇದ್ದ ನುಂಚಾಕು ಕೂಡ ಒಳ್ಳೆಯದೇ, ಹತ್ತು ಅಟ್ಯಾಕ್‌ಗೆ ಒಂದು ಎನರ್ಜಿ, ಒಂದು ಕಾಳಗದ ಎಣಿಕೆ ಮುಂದಿನದಕ್ಕೂ ಹೋಗುತ್ತದೆ.

ಇನ್ನು ಆಫ್ಟರ್ ಇಮೇಜ್. ಅಪರೂಪದ ಕಾರ್ಡ್, ಸಿಕ್ಕರೆ ಬಿಡಬೇಡಿ. ಯಾವ ಕಾರ್ಡ್ ಇಳಿಸಿದರೂ 1 ಬ್ಲಾಕ್. ಓದಿದಾಗ ಅಷ್ಟೇನಾ ಅನ್ನಿಸುತ್ತದೆ. ಬ್ಲೇಡ್ ಡ್ಯಾನ್ಸ್ ಮತ್ತು ಅದರ ಮೂರು ಚೂರಿಗೆ 4 ಬ್ಲಾಕ್, ಹೊಡೆಯುತ್ತಲೇ. ಹನ್ನೆರಡು ಕಾರ್ಡ್ ಇಳಿಸಿದ ಸುತ್ತಿನಲ್ಲಿ 12. ಹೊಡೆಯುವುದಾ ತಡೆಯುವುದಾ ಅನ್ನುವ ಗೊಂದಲವೇ ಅರ್ಧ ಕಡಿಮೆಯಾಗುತ್ತದೆ. ನನ್ನ ಪುಸ್ತಕದಲ್ಲಿ ಗೆದ್ದ ಚೂರಿ ರನ್‌ಗಳ ಪಕ್ಕದಲ್ಲೆಲ್ಲಾ ಹೆಚ್ಚುಕಡಿಮೆ ಆ ಹೆಸರಿದೆ.

ನಿಮ್ಮ ಡೆಕ್‌ನಲ್ಲಿ ನನಗೆ ನಿಜವಾಗಿ ಬೇಸರ ತಂದದ್ದು ಬ್ಲಾಕ್. ಶುರುವಿನಲ್ಲಿ ಕೊಟ್ಟ ಐದು ಡಿಫೆಂಡ್, ಸರ್ವೈವರ್, ಎರಡು ಕ್ಲೋಕ್ ಅಂಡ್ ಡ್ಯಾಗರ್, ಒಂದು ಬ್ಯಾಕ್‌ಫ್ಲಿಪ್. ಇಷ್ಟನ್ನೇ ನಂಬಿಕೊಂಡು ಮೂರನೇ ಆಕ್ಟ್‌ವರೆಗೆ ಬಂದಿದ್ದೀರಿ, ಅದಕ್ಕೆ ನಿಮ್ಮನ್ನು ಮೆಚ್ಚಬೇಕು. ಚೂರಿ ಡೆಕ್ ಕಟ್ಟುವವರು ಎಲ್ಲರೂ ಮಾಡುವ ತಪ್ಪು ಇದು. ಚೂರಿಯ ಹುಡುಕಾಟದಲ್ಲಿ ಫುಟ್‌ವರ್ಕ್ ಬಿಟ್ಟುಬಿಡುತ್ತೇವೆ, ಲೆಗ್ ಸ್ವೀಪ್ ಬಿಟ್ಟುಬಿಡುತ್ತೇವೆ. ಪೀಯರ್ಸಿಂಗ್ ವೇಲ್ ಅಂತೂ ಒಂದು ಎನರ್ಜಿಗೆ ಎಲ್ಲ ಶತ್ರುಗಳ ಸ್ಟ್ರೆಂತ್ ಆ ಸುತ್ತಿಗೆ 6 ಇಳಿಸುತ್ತದೆ. 10ರಂತೆ ಮೂರು ಸಲ ಹೊಡೆಯುವವನು 4ರಂತೆ ಹೊಡೆಯುತ್ತಾನೆ. ನಾಲ್ಕನೇ ಬ್ಲೇಡ್ ಡ್ಯಾನ್ಸ್ ಜಾಗದಲ್ಲಿ ಅದನ್ನು ಇಟ್ಟು ನೋಡಿ.

ಸ್ಟ್ರೈಕ್ ನಾಲ್ಕು ಉಳಿದಿವೆ. ಅಂಗಡಿಯಲ್ಲಿ ಮೊದಲ ಸಲ ಕಾರ್ಡ್ ತೆಗೆಸಲು 75 ಚಿನ್ನ, ಆಮೇಲೆ ಪ್ರತಿ ಸಲ 25 ಏರುತ್ತದೆ. ಆದಷ್ಟು ತೆಗೆಸಿ. ಟೋಕನ್ ಡೆಕ್‌ನ ದೊಡ್ಡ ಲಾಭ ಅಂದರೆ ಚೂರಿಗಳು ಡೆಕ್‌ನಲ್ಲಿ ಜಾಗ ತಿನ್ನುವುದಿಲ್ಲ. ಒಂದು ಬ್ಲೇಡ್ ಡ್ಯಾನ್ಸ್ ನಾಲ್ಕು ಕಾರ್ಡ್‌ನ ಕೆಲಸ ಮಾಡಿ ಒಂದೇ ಕಾರ್ಡ್‌ನ ಜಾಗ ಹಿಡಿಯುತ್ತದೆ. ಡೆಕ್ ಸಣ್ಣದಿದ್ದಷ್ಟೂ ಅದು ಬೇಗ ಮತ್ತೆ ಕೈಗೆ ಬರುತ್ತದೆ.

ಆಡುವಾಗಿನ ಒಂದು ಸಣ್ಣ ವಿಷಯ. ಕೈಯಲ್ಲಿ ಹತ್ತು ಕಾರ್ಡ್ ಮಾತ್ರ ಹಿಡಿಸುತ್ತವೆ. ಐದು ಕಾರ್ಡ್ ಇರುವಾಗ ಒಂದು ಬ್ಲೇಡ್ ಡ್ಯಾನ್ಸ್ ಇಳಿಸಿದರೆ ಏಳು. ಚೂರಿ ಎಸೆಯದೆ ಇನ್ನೊಂದು ಇಳಿಸಿದರೆ ಒಂಬತ್ತು. ಮೂರನೆಯದನ್ನೂ ಇಳಿಸಿದರೆ ಹನ್ನೊಂದಾಗಬೇಕು, ಆಗುವುದಿಲ್ಲ, ಒಂದು ಚೂರಿ ನೇರ ಡಿಸ್ಕಾರ್ಡ್‌ಗೆ (ಆಮೇಲೆ ಮತ್ತೆ ಕಲೆಸಿ ಎಳೆಯುವ ಕಾರ್ಡ್‌ಗಳ ರಾಶಿಗೆ) ಹೋಗುತ್ತದೆ. ಸುತ್ತಿನ ಕೊನೆಗೆ ಎಸೆಯದೆ ಉಳಿದ ಚೂರಿಗೂ ಅದೇ ಗತಿ. ಮುಂದೆ ಯಾವತ್ತೋ ಒಂದು ಒಳ್ಳೆ ಕಾರ್ಡ್ ಬರಬೇಕಾದ ಜಾಗದಲ್ಲಿ ಒಂಟಿ ಚೂರಿ ಬಂದು ಕೂರುತ್ತದೆ. ಹಾಗಾಗಿ ಎಸೆಯುತ್ತಾ ಇಳಿಸುತ್ತಾ ಹೋಗಿ. ಫಿನಿಶರ್ ಮಾತ್ರ ಕಟ್ಟಕಡೆಗೆ. ಆ ಸುತ್ತಿನಲ್ಲಿ ಅದಕ್ಕಿಂತ ಮುಂಚೆ ಇಳಿಸಿದ ಪ್ರತಿ ಅಟ್ಯಾಕ್‌ಗೆ 6 ಡ್ಯಾಮೇಜ್, ಆರು ಚೂರಿಯ ನಂತರ ಎಸೆದರೆ 36.

ಯಾರ ಮುಂದೆ ಚೂರಿ ಎಸೆಯಬಾರದು ಅನ್ನುವುದೂ ಗೊತ್ತಿರಬೇಕು. ನೋಟ್‌ಬುಕ್‌ನಿಂದ ಹಾಗೇ ಬರೆಯುತ್ತೇನೆ. "ಗ್ರೆಮ್ಲಿನ್ ನಾಬ್. ಬ್ಲೇಡ್ ಡ್ಯಾನ್ಸ್ ಸ್ಕಿಲ್ ಅನ್ನುವುದು ಮರೆತೆ." ಚೂರಿ ಅಟ್ಯಾಕ್, ಆದರೆ ಅದನ್ನು ಕೊಡುವ ಕಾರ್ಡ್ ಸ್ಕಿಲ್, ಅಂದರೆ ತಾನೇ ಹೊಡೆಯದ ಬಗೆಯದು. ಒಂದೊಂದು ಸ್ಕಿಲ್‌ಗೂ ನಾಬ್‌ಗೆ 2 ಸ್ಟ್ರೆಂತ್ ಏರುತ್ತದೆ. ಮೊದಲ ಸುತ್ತಿನಲ್ಲಿ ಅದು ಬರೀ ಅಬ್ಬರಿಸುತ್ತದೆ, ಇನ್ನೂ ಕೆರಳಿರುವುದಿಲ್ಲ. ಬ್ಲೇಡ್ ಡ್ಯಾನ್ಸ್ ಇದ್ದರೆ ಆಗಲೇ ಇಳಿಸಿಬಿಡಿ. ಇನ್ನೊಂದು ಸಾಲು: "ಗಾರ್ಡಿಯನ್. 9 ಚೂರಿ, 27 ಎಚ್‌ಪಿ." ಮೊದಲ ಆಕ್ಟ್‌ನ ಆ ಬಾಸ್ ಮುದುಡಿಕೊಂಡಾಗ ಮುಳ್ಳು ಏಳುತ್ತದೆ. ನಾವು ಮಾಡುವ ಪ್ರತಿ ಅಟ್ಯಾಕ್‌ಗೂ ನಮಗೆ 3 ಡ್ಯಾಮೇಜ್. ಅವತ್ತು ಬ್ಲಾಕ್ ಇಲ್ಲದೆ ಒಂಬತ್ತು ಎಸೆದೆ, ಕೈ ನಿಲ್ಲಲೇ ಇಲ್ಲ. ಮೂರನೇ ಆಕ್ಟ್‌ನ ನೆಮೆಸಿಸ್ ಒಂದು ಸುತ್ತು ಬಿಟ್ಟು ಒಂದು ಸುತ್ತು ನೆರಳಿನ ಹಾಗಾಗುತ್ತದೆ. ಆಗ 16ರ ಚೂರಿಯೂ 1 ಡ್ಯಾಮೇಜ್. ಆ ಸುತ್ತಿನಲ್ಲಿ ಬ್ಲಾಕ್ ಮಾತ್ರ ಮಾಡಿ.

ಕೆಲವರು ಚೂರಿಗೆಂದೇ ಹುಟ್ಟಿದವರೂ ಇದ್ದಾರೆ. ಎರಡನೇ ಆಕ್ಟ್‌ನ ಹಕ್ಕಿಗಳು ಹಾರುತ್ತಿರುವಾಗ ಅರ್ಧ ಡ್ಯಾಮೇಜ್ ಮಾತ್ರ ತಗಲುತ್ತದೆ, ಆದರೆ ಮೂರು ಏಟು ಬಿದ್ದರೆ ನೆಲಕ್ಕೆ ಬೀಳುತ್ತವೆ. ಒಂದು ಹಕ್ಕಿಗೆ ಒಂದು ಬ್ಲೇಡ್ ಡ್ಯಾನ್ಸ್. ಜೈಂಟ್ ಹೆಡ್ ಅನ್ನುವ ಎಲೀಟ್ (ಮಾಮೂಲಿಗಿಂತ ಬಲವಾದ ಶತ್ರು) ಇದೆಯಲ್ಲ, ಒಂದು ಸುತ್ತಿನಲ್ಲಿ ನಾವು ಇಳಿಸುವ ಪ್ರತಿ ಕಾರ್ಡ್‌ಗೂ ಅದಕ್ಕೆ ಬೀಳುವ ಏಟು ಶೇಕಡಾ 10 ಜಾಸ್ತಿಯಾಗುತ್ತದೆ. ಹತ್ತು ಕಾರ್ಡ್ ಆದ ಮೇಲೆ ಎಸೆದ ಚೂರಿ ಎರಡು ಪಟ್ಟು. ಅದರ 500 ಎಚ್‌ಪಿ ಕಂಡು ಬೇರೆ ಡೆಕ್‌ನವರು ಹೆದರುತ್ತಾರೆ, ನಮಗೆ ಅದು ಹಬ್ಬ.

ಟೈಮ್ ಈಟರ್ ಬಗ್ಗೆ ನನ್ನ ತಮ್ಮ ಚೆನ್ನಾಗಿ ಹೇಳುತ್ತಾನೆ. ಅವನಿಗೆ ಈ ಲಿಂಕ್ ಕಳಿಸಿದ್ದೇನೆ.

ಮಸ್ಕತ್ ತಮ್ಮ:

ಅಕ್ಕ ಲಿಂಕ್ ಕಳಿಸಿದ್ದಕ್ಕೆ ಬಂದೆ. ನಾವಿಬ್ಬರೂ ಶುಕ್ರವಾರ ಫೋನಿನಲ್ಲಿ ಮಾತಾಡುತ್ತಾ ಒಂದೇ ರನ್ ಆಡುತ್ತೇವೆ. ಅವಳು ಇಳಿಸುತ್ತಾಳೆ, ನಾನು ಬೇಡ ಬೇಡ ಅನ್ನುತ್ತೇನೆ.

ಅವಳು ಹೇಳಿದ್ದರಲ್ಲಿ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಬ್ಲೇಡ್ ಡ್ಯಾನ್ಸ್ ಬಗ್ಗೆ ಓದಿದರೆ ಆ್ಯಕ್ಯುರಸಿ ಬರುವವರೆಗೂ ಅದನ್ನು ಮುಟ್ಟಬಾರದು ಅನ್ನಿಸುತ್ತದೆ. ಹಾಗಲ್ಲ. ಮೊದಲ ಆಕ್ಟ್‌ನಲ್ಲಿ ಒಂದು ಎನರ್ಜಿಗೆ 12 ಡ್ಯಾಮೇಜ್ ಕೊಡುವ ಸಾಮಾನ್ಯ ಕಾರ್ಡ್ ಸೈಲೆಂಟ್‌ಗೆ ಬೇಕೇ ಬೇಕು. ಸ್ಟ್ರೈಕ್ ಕೊಡುವುದು ಬರೀ 6. ಮೊದಲ ಕೆಲವು ಮಹಡಿಯಲ್ಲಿ ಬ್ಲೇಡ್ ಡ್ಯಾನ್ಸ್ ಬಂದರೆ ನಾನು ಕಣ್ಣುಮುಚ್ಚಿ ಒಂದು ತೆಗೆದುಕೊಳ್ಳುತ್ತೇನೆ, ಎರಡನೆಯದನ್ನೂ ತೆಗೆದುಕೊಳ್ಳಬಹುದು. ಅಲ್ಲಿಗೆ ನಿಲ್ಲಿಸಿ ಕಾಯುತ್ತೇನೆ. ಆ್ಯಕ್ಯುರಸಿ, ಶುರಿಕೆನ್, ಕುನಾಯ್, ಆಫ್ಟರ್ ಇಮೇಜ್, ಇವುಗಳಲ್ಲಿ ಒಂದಾದರೂ ಬಂದರೆ ಇದು ಚೂರಿ ಡೆಕ್. ಬರಲಿಲ್ಲವಾದರೆ ವಿಷ ಬಂದಿದೆಯಾ ನೋಡುತ್ತೇನೆ. ನೀವು ಮೊದಲ ಮಹಡಿಯಲ್ಲೇ "ಇವತ್ತು ಚೂರಿ" ಅಂತ ತೀರ್ಮಾನ ಮಾಡಿ ಹತ್ತುತ್ತೀರಿ ಅಂತ ನನ್ನ ಅಂದಾಜು. ಹನ್ನೊಂದು ಸೋಲಿನಲ್ಲಿ ಬಹಳಷ್ಟಕ್ಕೆ ಅದೇ ಕಾರಣ ಇರಬಹುದು. ರಿಸ್ಟ್ ಬ್ಲೇಡ್ ಕೂಡ ಹೀಗೇ. ಸೊನ್ನೆ ಎನರ್ಜಿಯ ಅಟ್ಯಾಕ್‌ಗೆಲ್ಲ 4 ಡ್ಯಾಮೇಜ್ ಸೇರಿಸುವ ಬಾಸ್ ರಿಲಿಕ್ ಅದು. ಆದರೆ ಎನರ್ಜಿ ಕೊಡುವುದಿಲ್ಲ. ಆ ಹೊತ್ತಿಗೆ ಚೂರಿ ಕೊಡುವ ಮೂರು ಕಾರ್ಡ್ ಇದ್ದರೆ ಮಾತ್ರ ನಾನು ಕೈ ಹಾಕುತ್ತೇನೆ.

ಟೈಮ್ ಈಟರ್. ನಾವು ಹನ್ನೆರಡು ಕಾರ್ಡ್ ಇಳಿಸಿದ ಕೂಡಲೇ ನಮ್ಮ ಸುತ್ತು ಮುಗಿಯುತ್ತದೆ, ಅದಕ್ಕೆ 2 ಸ್ಟ್ರೆಂತ್ ಏರುತ್ತದೆ. ಎಣಿಕೆ ಸುತ್ತಿನಿಂದ ಸುತ್ತಿಗೆ ಮುಂದುವರಿಯುತ್ತದೆ, ಅದರ ಕೆಳಗೆ ಕಾಣಿಸುತ್ತಿರುತ್ತದೆ. ಎಲ್ಲರೂ ಚೂರಿ ಡೆಕ್‌ಗೆ ಇದೇ ಯಮ ಅನ್ನುತ್ತಾರೆ. ಬರೀ 4ರ ಚೂರಿ ಎಸೆಯುವವನಿಗೆ ಯಮನೇ, ಯಾಕೆಂದರೆ ಹನ್ನೆರಡು ಕಾರ್ಡ್‌ಗೆ 48 ಕೂಡ ಆಗುವುದಿಲ್ಲ. ಚೂರಿ 10 ಅಥವಾ 16 ಇರುವವನಿಗೆ ಅಷ್ಟು ಕಷ್ಟವಿಲ್ಲ. ಮುಖ್ಯ ಅಂದರೆ ಹನ್ನೆರಡನೇ ಕಾರ್ಡ್ ಯಾವುದು ಅನ್ನುವುದು ನಿಮ್ಮ ಕೈಯಲ್ಲಿರಬೇಕು. 11ಕ್ಕೆ ಎಣಿಕೆ ಬಿಟ್ಟು ಸುತ್ತು ಮುಗಿಸಿದರೆ ಮುಂದಿನ ಸುತ್ತಿನಲ್ಲಿ ಒಂದೇ ಕಾರ್ಡ್ ಸಿಗುತ್ತದೆ. ಸುತ್ತಿನ ಕೊನೆಯ ಕಾರ್ಡ್ ಹನ್ನೆರಡನೆಯದಾಗಿ ಬೀಳುವ ಹಾಗೆ ಎಣಿಸಿಕೊಂಡು ಹೋಗಿ. ಬ್ಲಾಕ್ ಮೊದಲು, ಚೂರಿ ಆಮೇಲೆ. ಇಲ್ಲದಿದ್ದರೆ ಸುತ್ತು ಮಧ್ಯದಲ್ಲೇ ಕಡಿದು, ಇಳಿಸಬೇಕಿದ್ದ ಬ್ಲಾಕ್ ಕೈಯಲ್ಲೇ ಉಳಿಯುತ್ತದೆ.

ಇನ್ನೊಂದು. ಅದರ ಎಚ್‌ಪಿ ಅರ್ಧಕ್ಕಿಂತ ಕೆಳಗೆ, ಅಂದರೆ 228ಕ್ಕಿಂತ ಕೆಳಗೆ ಇಳಿದರೆ ಮುಂದಿನ ಸರದಿಯಲ್ಲಿ ಅದು ಹೊಡೆಯುವುದಿಲ್ಲ. ಮತ್ತೆ ಅರ್ಧಕ್ಕೆ ತುಂಬಿಕೊಳ್ಳುತ್ತದೆ, ಹಾಕಿದ ವೀಕ್, ವಿಷ ಎಲ್ಲ ಕೊಡವಿಕೊಳ್ಳುತ್ತದೆ. ಒಂದೇ ಸಲ ಹೀಗೆ. ಆ ಸುತ್ತಿನಲ್ಲಿ ಚೂರಿ ಎಸೆದರೆ ಸುಮ್ನೆ ದಂಡ. ಕೈಯಲ್ಲಿರುವ ಪವರ್ ಕಾರ್ಡ್‌ಗಳನ್ನು (ಆ್ಯಕ್ಯುರಸಿಯ ಹಾಗೆ ಒಮ್ಮೆ ಇಳಿಸಿದರೆ ಕಾಳಗ ಮುಗಿಯುವವರೆಗೂ ಕೆಲಸ ಮಾಡುವವು) ಆಗ ಇಳಿಸಿ.

ಅಸೆನ್ಶನ್ 20ಕ್ಕೆ ಬಂದಾಗ ಹಾರ್ಟ್ ಅನ್ನುವ ಕಟ್ಟಕಡೆಯ ಬಾಸ್ ಬಗ್ಗೆ ಬೇರೆ ಮಾತಾಡೋಣ. ಅಲ್ಲಿ ಇಳಿಸುವ ಪ್ರತಿ ಕಾರ್ಡ್‌ಗೂ ನಮಗೆ 2 ಡ್ಯಾಮೇಜ್, ಒಂದು ಆಫ್ಟರ್ ಇಮೇಜ್ ಸಾಲುವುದಿಲ್ಲ. ನಿಮ್ಮ ಮಟ್ಟದಲ್ಲಿ ಅದು 1 ಅಷ್ಟೇ, ಒಂದು ಆಫ್ಟರ್ ಇಮೇಜ್ ಅದನ್ನು ಪೂರ್ತಿ ತಡೆಯುತ್ತದೆ.

ನೀಲಿ ನೋಟ್‌ಬುಕ್:

ಬ್ಲೇಡ್ ಡ್ಯಾನ್ಸ್ ಬಗ್ಗೆ ತಮ್ಮ ಹೇಳಿದ್ದು ಸರಿ. ನಾನು ಅದನ್ನು ಬಿಟ್ಟು ಬರೆದೆ. ಒಂದು, ಎರಡು ತೆಗೆದುಕೊಳ್ಳಿ. ಎರಡನೇ ಇನ್ಫಿನಿಟ್ ಬ್ಲೇಡ್ಸ್ ಮಾತ್ರ ನನಗೆ ಈಗಲೂ ಬೇಡ ಅನ್ನಿಸುತ್ತದೆ. ಇಳಿಸಿದ ಸುತ್ತಿನಲ್ಲಿ ಅದರಿಂದ ಏನೂ ಸಿಗುವುದಿಲ್ಲ, ಮುಂದಿನ ಸುತ್ತಿನಿಂದ ದಿನಕ್ಕೊಂದು ಬಾಳೆಹಣ್ಣಿನ ಹಾಗೆ ಒಂದೊಂದು ಚೂರಿ.

ತುಮಕೂರು ಪ್ಯಾಸೆಂಜರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಮ್ಮ ಅವರ ಅಂದಾಜು ನಿಜ. ರೈಲು ಹತ್ತುವಾಗಲೇ ಇವತ್ತು ಚೂರಿ ಅಂತ ನಿರ್ಧಾರ ಮಾಡಿಬಿಡುತ್ತಿದ್ದೆ. ಬಂದ ಒಳ್ಳೆ ಕಾರ್ಡ್ ಎಷ್ಟು ಬಿಟ್ಟಿದ್ದೇನೋ.

ಎರಡು ರನ್ ಆಡಿದೆ. ಮೊದಲನೆಯದರಲ್ಲಿ ಆ್ಯಕ್ಯುರಸಿ ಬರಲೇ ಇಲ್ಲ. ಎರಡನೇ ಆಕ್ಟ್‌ನಲ್ಲಿ ವಿಷಕ್ಕೆ ಹೊರಳಿ ಗೆದ್ದೆ.

ಎರಡನೆಯದು ಈಗ ನಡೆಯುತ್ತಿದೆ, ಆಟ ಹಾಗೇ ತೆರೆದಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ಡೆಕ್ 22 ಕಾರ್ಡ್. ಆ್ಯಕ್ಯುರಸಿ ಎರಡು, ಎರಡೂ ಅಪ್‌ಗ್ರೇಡ್. ಆಫ್ಟರ್ ಇಮೇಜ್ ಎರಡನೇ ಬಾಸ್ ಮುಗಿದ ಮೇಲೆ ಸಿಕ್ಕಿತು. ಲೆಗ್ ಸ್ವೀಪ್ ಒಂದು. ಬ್ಲೇಡ್ ಡ್ಯಾನ್ಸ್ ಎರಡೇ. ಜೈಂಟ್ ಹೆಡ್ ಸಿಕ್ಕಿತ್ತು, ಅಕ್ಕ ಹೇಳಿದ ಹಾಗೆ ಹಬ್ಬವೇ ಆಯಿತು.

ಬಾಸ್ ಮತ್ತೆ ಟೈಮ್ ಈಟರ್. ಈಗಿನ ಸ್ಥಿತಿ: ಅದಕ್ಕೆ 236 ಎಚ್‌ಪಿ, ಸ್ಟ್ರೆಂತ್ 4, ಎಣಿಕೆ 9ರಲ್ಲಿದೆ. ಈ ಸಲ 12ರಂತೆ ಮೂರು ಏಟು ಹೊಡೆಯುತ್ತದೆ. ನನಗೆ 31 ಎಚ್‌ಪಿ, ಬ್ಲಾಕ್ ಸೊನ್ನೆ, ಎನರ್ಜಿ 3. ಒಂದು ಆ್ಯಕ್ಯುರಸಿ ಮತ್ತು ಆಫ್ಟರ್ ಇಮೇಜ್ ಇಳಿಸಿಯಾಗಿದೆ, ಚೂರಿ ಈಗ 10. ಕೈಯಲ್ಲಿ ಲೆಗ್ ಸ್ವೀಪ್, ಕ್ಲೋಕ್ ಅಂಡ್ ಡ್ಯಾಗರ್, ಬ್ಲೇಡ್ ಡ್ಯಾನ್ಸ್, ಡಿಫೆಂಡ್, ಫಿನಿಶರ್. ಲೆಗ್ ಸ್ವೀಪ್, ಕ್ಲೋಕ್ ಎರಡೂ ಅಪ್‌ಗ್ರೇಡ್ ಆಗಿಲ್ಲ. ಎರಡು ಕಾರ್ಡ್ ಇಳಿಸಿ 11ಕ್ಕೆ ನಿಲ್ಲಿಸಲಾ, ಮೂರನೆಯದನ್ನೂ ಇಳಿಸಲಾ? ಮೂರನೆಯದನ್ನು ಇಳಿಸಿದರೆ ಅದರ ಏಟು ಇನ್ನೂ ಜೋರಾಗುತ್ತದೆ ಅಂತ ಭಯ.

ಮಸ್ಕತ್ ತಮ್ಮ:

ಏನೂ ಮುಟ್ಟಬೇಡಿ, ಲೆಕ್ಕ ಹಾಕುತ್ತೇನೆ.

ಮೊದಲು ಲೆಗ್ ಸ್ವೀಪ್. 11 ಬ್ಲಾಕ್, ಅದಕ್ಕೆ ವೀಕ್ ಬೀಳುತ್ತದೆ, ಏಟು ಕಾಲು ಭಾಗ ಕಡಿಮೆ. ಎಣಿಕೆ 10. ಆಮೇಲೆ ಕ್ಲೋಕ್ ಅಂಡ್ ಡ್ಯಾಗರ್. 6 ಬ್ಲಾಕ್, ಒಂದು ಚೂರಿ ಕೈಗೆ. ಎಣಿಕೆ 11, ಎನರ್ಜಿ ಖಾಲಿ. ಆಫ್ಟರ್ ಇಮೇಜ್‌ನ 2 ಸೇರಿ ಇಲ್ಲಿಗೆ 19 ಬ್ಲಾಕ್.

ಇಲ್ಲಿ ನಿಲ್ಲಿಸಿದರೆ ಅದು 9ರಂತೆ ಮೂರು, 27 ಹೊಡೆಯುತ್ತದೆ. ನಿಮಗೆ 8 ಹೋಗುತ್ತದೆ. ಆದರೆ ಮುಂದಿನ ಸುತ್ತಿನಲ್ಲಿ ಒಂದೇ ಕಾರ್ಡ್, ಅದೂ ಇನ್ನೊಂದು ಏಟಿನ ಎದುರು.

ಚೂರಿಯನ್ನೂ ಎಸೆಯಿರಿ. ಅದು ಹನ್ನೆರಡನೆಯದು. ಬ್ಲಾಕ್ 20 ಆಯಿತು. ಸ್ಟ್ರೆಂತ್ 6 ಆಗುತ್ತದೆ, ಏಟು 14, ವೀಕ್ ಕಳೆದು 10. ಮೂರು ಸಲಕ್ಕೆ 30. ನಿಮಗೆ 10 ಹೋಗಿ 21 ಉಳಿಯುತ್ತದೆ. ಎರಡೇ ಎಚ್‌ಪಿ ಜಾಸ್ತಿ ಕೊಟ್ಟ ಹಾಗೆ. ಬದಲಿಗೆ ಏನು ಸಿಕ್ಕಿತು ನೋಡಿ. ಚೂರಿ 10 ಹೊಡೆದು ಅದು 226ಕ್ಕೆ ಬಂತು, 228ಕ್ಕಿಂತ ಕೆಳಗೆ. ಮುಂದಿನ ಸುತ್ತು ಅದು ಹೊಡೆಯುವುದೇ ಇಲ್ಲ. ಎಣಿಕೆಯೂ ಸೊನ್ನೆಯಿಂದ.

ನೀಲಿ ನೋಟ್‌ಬುಕ್:

ಹೌದು, ಅದೇ. ಲೆಗ್ ಸ್ವೀಪ್ ಮೊದಲು ಅನ್ನುವುದು ಮರೆಯಬೇಡಿ. ಮುಂದಿನ ಸುತ್ತಿನಲ್ಲಿ ಬ್ಲೇಡ್ ಡ್ಯಾನ್ಸ್ ಬಂದರೂ ತಡೆದುಕೊಳ್ಳಿ.

ತುಮಕೂರು ಪ್ಯಾಸೆಂಜರ್:

ಚಿಕ್ಕಬಾಣಾವರ ದಾಟಿತು. 21 ಉಳಿದಿದೆ. ಅದರ ತಲೆ ಮೇಲಿನ ಗುರುತು ಬದಲಾಯಿತು, ಕತ್ತಿ ಇಲ್ಲ. ಎರಡನೇ ಆ್ಯಕ್ಯುರಸಿ ಈಗಷ್ಟೇ ಕೈಗೆ ಬಂದಿದೆ. ಇಳಿಸುತ್ತಿದ್ದೇನೆ.